ಸಿದ್ದಪ್ಪನಿಗೆ ಮಾತ್ರ ಹೇಳಬಾರದು

ನಮ್ಮ ಮಾಮಾ ತಮ್ಮ ಜೀವದ ಗೆಳೆಯನನ್ನು ಸ್ವರ್ಗಕ್ಕೆ ಸೇರಿಸಲೇಬೇಕೆಂದು ಬಹಳ ವರ್ಷಗಳಿಂದ ಒಂದು ಉಪಾಯ ನಡೆಸಿಕೊಂಡು ಬಂದವರು. ಉಪಾಯ ಏನೆಂದು ಕೇಳಿದರೆ ನೀವು ನಗುತ್ತೀರಿ. ಆ ಗೆಳೆಯನಿಗೆ ದೇವರ ವಿಷಯ ಏನೊಂದೂ ಹೇಳದೆ ಇರುವುದು! ಅಷ್ಟೇ. ಬೇರೆ ಯಾರೇ ಸಿಗಲಿ, ಮಾಮಾ ಬಿಡುವುದಿಲ್ಲ. ಕಾಯಿಪಲ್ಯೆ ಮಾರುವವಳಿಗೆ ಪಾಪದ ಬಗೆಗಳು, ಗ್ಯಾಸ್ ಸಿಲಿಂಡರ್ ತಂದವನಿಗೆ ದೇವದೂತರ ದರ್ಜೆಗಳು, ಕರೆಂಟ್ ಬಿಲ್ ಕೊಡಲು ಬಂದವನಿಗೆ ಮನುಷ್ಯನ ಸ್ವತಂತ್ರ ಇಚ್ಛೆ. ಆ ಬಿಲ್ಲಿನವನು ಬಿಸಿಲಲ್ಲಿ ನಿಂತು "ಹೌದ್ರಿ ಸರ, ಖರೇರಿ ಸರ" ಎನ್ನುತ್ತ, ಒಂದೊಂದೇ ಹೆಜ್ಜೆ ಹಿಂದಿಟ್ಟು, ಕೊನೆಗೆ ಗೇಟು ದಾಟಿ ಓಟ ಕೀಳುತ್ತಾನೆ. ಅದೇ ಆ ಗೆಳೆಯ, ಸಿದ್ದಪ್ಪ ಕಾಕಾ ಬಂದು ಕೂತರೋ, ಮಾಮನ ಬಾಯಿಗೆ ಬೀಗ!

ಮಾಮಾ ಅಂದರೆ ನನ್ನ ತಾಯಿಯ ಅಣ್ಣ, ನಾನು ಬೆಳೆದದ್ದು ಅವರ ಮನೆಯಲ್ಲೇ. ಸಿಂದಗಿಯಲ್ಲಿ ಬೆರಳೆಣಿಕೆಯ ಕಥೋಲಿಕ ಮನೆಗಳಿವೆ, ಅದರಲ್ಲಿ ನಮ್ಮದೂ ಒಂದು. ಕ್ರಿಸ್ಮಸ್ಸಿಗೆ ನಮ್ಮಲ್ಲಿ ಕೇಕಿಗಿಂತ ಹೋಳಿಗೆಗೇ ಮರ್ಯಾದೆ ಹೆಚ್ಚು. ಮಾಮಾ ಹರೆಯದಲ್ಲಿ ಪಾದ್ರಿಯಾಗಲು ಹೊರಟವರು. ಸೆಮಿನರಿ ಸೇರಿ ತತ್ವಶಾಸ್ತ್ರ ಓದಿದರು, ದೈವಶಾಸ್ತ್ರ ಓದಿದರು, ಇನ್ನೇನು ಗುರುದೀಕ್ಷೆ ಆಗಬೇಕು ಅನ್ನುವಷ್ಟರಲ್ಲಿ ರಜೆಗೆಂದು ಬಂದರು. ಮುದ್ದೇಬಿಹಾಳದ ಒಂದು ಮದುವೆಯಲ್ಲಿ, ಮುಂದೆ ನಮ್ಮ ಅತ್ತೆಯಾದವರು ಸಾರು ಬಡಿಸುತ್ತಿದ್ದರು. ಮಾಮಾ ಮತ್ತೆ ಮತ್ತೆ ಸಾರು ಹಾಕಿಸಿಕೊಂಡರಂತೆ. ಅಲ್ಲಿಗೆ ದೀಕ್ಷೆ ಮುಗಿಯಿತು!

"ದೇವ್ರು ಕರಿಯಾಕತ್ತಿದ್ದ, ಸುಳ್ಳಲ್ಲ. ಆದ್ರ ಈಕಿ ದನಿ ಜೋರಿತ್ತು" ಎಂದು ಮಾಮಾ ಈಗಲೂ ಹೇಳುತ್ತಾರೆ.

"ನಾ ಎಲ್ಲಿ ಕರದೇನ್ರಿ? ಸಾರು ಬೇಕೇನ್ರಿ ಅಂತ ಕೇಳೇನಿ, ಅಷ್ಟ" ಎನ್ನುತ್ತಾರೆ ಅತ್ತೆ, ಒಲೆಯ ಮುಂದಿನಿಂದಲೇ.

ಆಮೇಲೆ ಮಾಮಾ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದರು. ಸರಿ. ಆದರೆ ಅಷ್ಟು ವರ್ಷ ಓದಿದ ದೈವಶಾಸ್ತ್ರ ಎಲ್ಲಿಗೆ ಹೋಗಬೇಕು ಹೇಳಿ? ಏರಿ ನಿಂತು ಬೋಧಿಸಲು ಪೀಠವಿಲ್ಲ. ಹಾಗಾಗಿ ಅದು ಮನೆಯ ಮಿಕ್ಸರ್, ಮೊಬೈಲು, ಪೆಟ್ರೋಲ್ ಬಂಕು, ಕಂಡ ಕಂಡದ್ದರ ಮೇಲೆಲ್ಲ ಹರಿಯತೊಡಗಿತು.

ನಮ್ಮ ಮನೆತನದ ವಾಟ್ಸಾಪ್ ಗುಂಪನ್ನೇ ತೆಗೆದುಕೊಳ್ಳಿ. ನನ್ನ ದೊಡ್ಡಪ್ಪನ ಮಗನೊಬ್ಬ ಅದರಲ್ಲಿ "ದಿನಾ ಬೆಳಿಗ್ಗೆ ಬೇವಿನ ರಸಕ್ಕೆ ಸೋಡಾಪುಡಿ ಹಾಕಿ ಕುಡಿದರೆ ಸಕ್ಕರೆ ಕಾಯಿಲೆ ಮಂಗಮಾಯ, ಎಲ್ಲರಿಗೂ ಕಳಿಸಿರಿ" ಎಂದು ಹಾಕಿದ. ನಾನು ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್. ಕ್ರೈಸ್ತರ ಮನೆಯ ಹುಡುಗಿ ಇನ್ನೇನಾಗುತ್ತಾಳೆ ಎಂದು ನೀವು ಮನಸ್ಸಿನಲ್ಲಿ ಅಂದುಕೊಂಡಿರಿ, ನನಗೆ ಗೊತ್ತು! ಇರಲಿ. ನಾನು ಸಿಟ್ಟಿನಿಂದ ಉತ್ತರ ಟೈಪ್ ಮಾಡುತ್ತಿರುವಾಗಲೇ ಮಾಮನ ಧ್ವನಿ ಸಂದೇಶ ಬಂತು.

"ತಮ್ಮಾ, ಸುಳ್ಳು ಅಂತ ಗೊತ್ತಿದ್ದು ಕಳಿಸಿದ್ರ ಅದು ದೊಡ್ಡ ಪಾಪ. ಖರೇನೋ ಸುಳ್ಳೋ ಅಂತ ನೋಡದ ಕಳಿಸಿದ್ರ ಸಣ್ಣ ಪಾಪ. ಓದದನ ಕಳಿಸಿದ್ರ ಅದು ಪಾಪ ಅಲ್ಲ, ದಡ್ಡತನ. ಅದಕ್ಕ ನಮ್ಮ ಧರ್ಮಸಭಾದಾಗ ಔಷಧ ಇಲ್ಲ."

ಅವನು ಸಿಡಿಮಿಡಿಗೊಂಡು ಗುಂಪು ಬಿಟ್ಟ. ಮಾಮಾ ಕೂಡಲೇ ಮತ್ತೆ ಸೇರಿಸಿದರು. ಅವನು ಮತ್ತೆ ಬಿಟ್ಟ, ಇವರು ಮತ್ತೆ ಸೇರಿಸಿದರು. ಸಂಜೆಯವರೆಗೂ ಇದೇ ಆಟ. "ಕ್ಷಮಾ ಅಂದ್ರ ಬ್ಯಾಸರಿಲ್ಲದ ತಿರುಗಿ ಸೇರಿಸ್ಕೊಳ್ಳೂದು" ಎಂದು ನಮಗೆಲ್ಲ ವಿವರಣೆ ಬೇರೆ! ಕೊನೆಗೆ ಅವನೇ ಸೋತು ಉಳಿದುಕೊಂಡ. ಅಂದಿನಿಂದ ಅವನು ಬರೀ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾನೆ.

ಇನ್ನು ಉಪವಾಸದ ಕಥೆ. ಈಸ್ಟರ್ ಹಬ್ಬಕ್ಕೆ ಮುಂಚೆ ನಮ್ಮಲ್ಲಿ ತಪಸ್ಸು ಕಾಲ ಬರುತ್ತದೆ, ಆಗ ಶುಕ್ರವಾರ ಮಾಂಸ ಬಿಡುವುದು ರೂಢಿ. ಮಾಮನ ಪ್ರಕಾರ ಮಾಂಸ ಬಿಡುವುದು ಈಗೇನೂ ದೊಡ್ಡದಲ್ಲ, ಡಾಕ್ಟರೇ ಬಿಡಿಸಿದ್ದಾರೆ. ಈ ಕಾಲದ ಮನುಷ್ಯನಿಗೆ ಬಿಡಲಾಗದ್ದು ಯಾವುದು? ಮೊಬೈಲು. ಆದ್ದರಿಂದ ಶುಕ್ರವಾರ ಮೊಬೈಲು ಉಪವಾಸ! ಬೆಳಿಗ್ಗೆ ಅದನ್ನು ಸ್ವಿಚ್ ಆಫ್ ಮಾಡಿ ದೇವರ ಪಟದ ಹಿಂದೆ ಇಟ್ಟುಬಿಟ್ಟರು. ಅದೇ ಶುಕ್ರವಾರ ಅತ್ತೆ ಹೊರ್ತಿ ಊರಿನಲ್ಲಿರುವ ತಂಗಿಯ ಮನೆಯಿಂದ ಒಂದು ಚೀಲ ನಿಂಬೆಹಣ್ಣು ಹೊತ್ತು ಬಸ್ಸಿಳಿದು, ಸ್ಕೂಟರ್ ತನ್ನಿರಿ ಎಂದು ಹೇಳಲು ಫೋನ್ ಮಾಡುತ್ತಾರೆ, ಮಾಡುತ್ತಾರೆ, ಮಾಡುತ್ತಲೇ ಇದ್ದಾರೆ. ಸಿಂದಗಿಯ ಮಾರ್ಚ್ ತಿಂಗಳ ಮಧ್ಯಾಹ್ನ ನೀವು ಕಂಡಿದ್ದೀರಾ? ಕಾಣದಿದ್ದರೆ ಬೇಡ ಬಿಡಿ.

ಅತ್ತೆ ಚೀಲ ಎಳೆದುಕೊಂಡು ಮನೆ ಮುಟ್ಟಿದಾಗ ಮುಖ ಕೆಂಡವಾಗಿತ್ತು. ಮಾಮಾ ಶಾಂತವಾಗಿ, "ಸಿಟ್ಟಿಗೇಳಬ್ಯಾಡ. ನಿನ್ನ ಈ ಕಷ್ಟಾನೂ ದೇವರಿಗೆ ಕಾಣಿಕಿ ಅಂತ ಅರ್ಪಿಸಿಬಿಟ್ಟೆ" ಎಂದರು.

"ನನ್ನ ಕಷ್ಟ ಅರ್ಪಿಸಾಕ ನೀವ್ಯಾರ್ರಿ? ನಿಮ್ಮ ಮೊಣಕಾಲ ನೋವು ಐತಲ್ಲ, ಅದನ್ನ ಅರ್ಪಿಸ್ರಿ!"

ಆ ವಾರ ನಮ್ಮ ಮನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಂಬೆಹಣ್ಣಿನ ಚಿತ್ರಾನ್ನ. ಮಾಮಾ ಒಂದು ಮಾತೂ ಆಡದೆ ತಿಂದರು. ಅದನ್ನು ಅರ್ಪಿಸಿದರೋ ಇಲ್ಲವೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಥ ಮನುಷ್ಯನಿಗೆ ಸಿದ್ದಪ್ಪ ಕಾಕಾನಂಥ ಗೆಳೆಯ! ಕಾಕಾ ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಮೂಲ ಇಂಡಿ ಕಡೆಯವರು. ಹಣೆ ತುಂಬ ವಿಭೂತಿ, ಸೋಮವಾರ ಒಪ್ಪತ್ತು, ವರ್ಷಕ್ಕೊಮ್ಮೆ ಬಸವನ ಬಾಗೇವಾಡಿಗೆ ಹೋಗಿ ಕೈಮುಗಿದು ಬರುವುದು, ಇಷ್ಟು ಅವರ ಧರ್ಮ. ಮಾತು ಮಾತ್ರ ಖಡಕ್. ಮಾಮಾ ಸೆಮಿನರಿ ಬಿಟ್ಟು ಬಂದಾಗ ಮನೆಯವರು ಮಾತು ಬಿಟ್ಟಿದ್ದರು, ಊರು ನಗುತ್ತಿತ್ತು. ಹಾಗೊಂದು ದಿನ ತಾಳಿಕೋಟೆ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಮಾಮಾ ಕೂತು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಾಕಾ ಕನ್ನಡಿಯಲ್ಲಿ ಕಂಡರಂತೆ. ಬಸ್ಸು ಚಹಾಕ್ಕೆ ನಿಂತಾಗ ಯಾಕೆ, ಏನು ಎಂದು ಒಂದೂ ಕೇಳದೆ, ತಮ್ಮ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೈಗಿತ್ತರು. "ಮೊದ್ಲ ತಿನ್ನು. ಅಳೂದೇನು, ಹೊಟ್ಟಿ ತುಂಬಿದ ಮ್ಯಾಲೂ ಅಳಬಹುದು." ಅಂದು ಶುರುವಾದ ಗೆಳೆತನ.

ಈಗ ದಿನಾ ಸಂಜೆ ಬಸ್ ನಿಲ್ದಾಣದ ಹಿಂದಿನ ಚಹಾದಂಗಡಿಯ ಬೆಂಚು ಇವರಿಬ್ಬರದೇ. ಮಾಮನಿಗೆ ಬಿ.ಪಿ. ಇದೆ, ಕರಿದದ್ದು ವರ್ಜ್ಯ. ನಾನೊಂದು ದಿನ ಆ ದಾರಿಯಲ್ಲಿ ಬಂದಾಗ ಬೆಂಚಿನ ಮೇಲೆ ಮಿರ್ಚಿ ಭಜಿಯ ರಾಶಿ!

"ಏನ್ರಿ ಮಾಮಾ ಇದು?" ಎಂದೆ, ಸೊಂಟದ ಮೇಲೆ ಕೈಯಿಟ್ಟು.

ಮಾಮಾ ಕೊಂಚವೂ ಅಳುಕಲಿಲ್ಲ. "ನೋಡವ್ವಾ, ಒಂದು ಕೆಲಸಕ್ಕ ಎರಡು ಫಲ ಇರ್ತಾವ. ಒಂದು ಛಲೋ ಫಲ, ಒಂದು ಕೆಟ್ಟ ಫಲ. ನನ್ನ ಉದ್ದೇಶ ಏನು? ಸಿದ್ದಪ್ಪಗ ಜೊತಿ ಕೊಡೂದು. ಅದು ಛಲೋದು. ಅದರ ಹಿಂದ ಭಜಿ ಒಳಗ ಹೋಗ್ತೈತಿ. ಅದನ್ನ ನಾ ಬಯಸಿಲ್ಲ, ಬರೇ ಸಹಿಸೇನಿ."

ಕಾಕಾ ಖಾಲಿ ತಟ್ಟೆಗಳನ್ನು ನನ್ನ ಕಡೆ ಸರಿಸಿದರು. "ಭಾಳ ಸಹನಾ ಐತಿ ತಂಗಿ ನಿಮ್ಮ ಮಾಮಾಗ. ಮೂರು ಪ್ಲೇಟ್ ಸಹಿಸ್ಯಾನ!"

ಅಂದೇ ನಾನು ಒಂದನ್ನು ಗಮನಿಸಿದ್ದು. "ಈ ಎರಡು ಫಲದ್ದು ಯಾವ ಪುಸ್ತಕದಾಗ ಐತ್ಯೋ?" ಎಂದು ಕಾಕಾ ಆಸೆಯಿಂದ ಕೇಳಿದರು. ಮಾಮಾ ಥಟ್ಟನೆ, "ಏ, ಅದೇನೋ ಬಿಡು. ಈ ಸಲ ತೊಗರಿ ಹೆಂಗೈತಿ ನಿಮ್ಮ ಕಡೆ?" ಎಂದು ಹೊರಳಿಸಿಬಿಟ್ಟರು. ನನಗೆ ಆಶ್ಚರ್ಯ. ಕರೆಂಟ್ ಬಿಲ್ಲಿನವನನ್ನೇ ಬಿಡದ ಮನುಷ್ಯ, ಕೇಳಿದವನಿಗೇ ಹೇಳುವುದಿಲ್ಲವೆಂದರೆ?

ಮನೆಗೆ ಬಂದು ಹಟ ಹಿಡಿದು ಕೇಳಿದೆ. ಮಾಮಾ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಆ ಮಹಾ ಗುಟ್ಟನ್ನು ಹೇಳಿದರು. ನಮ್ಮ ಧರ್ಮಸಭೆಯ ಬೋಧನೆ ಏನೆಂದರೆ, ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ತಿಳಿಯದೆ ಉಳಿದವನು, ತನ್ನ ಮನಸ್ಸಾಕ್ಷಿಯಂತೆ ನೆಟ್ಟಗೆ ಬದುಕಿದರೆ, ಅವನಿಗೂ ಸ್ವರ್ಗದ ಬಾಗಿಲು ತೆರೆದೀತು.

"ಸಿದ್ದಪ್ಪ ನೆಟ್ಟಗ ಬದುಕ್ಯಾನೋ ಇಲ್ಲೋ?" ಎಂದರು ಮಾಮಾ.

"ಬದುಕ್ಯಾರ್ರಿ."

"ಅವಗ ಏನೂ ಗೊತ್ತಿಲ್ಲ. ಅಂದ್ರ ಅಂವ ಪಾಸ್. ಈಗ ನಾ ಹೋಗಿ ಎಲ್ಲಾ ಬಿಡಿಸಿ ಹೇಳ್ತೇನಿ ಅಂತ ತಿಳ್ಕೊ. ಅಂವ ಏನಂತಾನ? ಒಲ್ಲೆ ಅಂತಾನ! ಗೆಳೆತನ ಆದಾಗಿಂದ ಅಂವ ನನ್ನ ಯಾವ ಮಾತಿಗೂ ಹೂಂ ಅಂದಿಲ್ಲ. ತಿಳದೂ ಒಲ್ಲೆ ಅಂದಂಗಾತು. ಆವಾಗ ಗತಿ ಏನು? ಕೊರೊನಾ ವರ್ಷ ಪರೀಕ್ಷಾ ಇಲ್ಲದ ಎಲ್ಲಾರ್ನೂ ಪಾಸ್ ಮಾಡಿದ್ರಲ್ಲ? ಹಂಗ ಪಾಸ್ ಆಗೋ ಮನಿಷಾನ್ನ ನಾ ಯಾಕ ಪರೀಕ್ಷಾಕ್ಕ ಕುಂದರಸ್ಲಿ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೋಕದಲ್ಲಿ ಧರ್ಮ ಸಾರುವವರನ್ನು ಕಂಡಿದ್ದೇನೆ. ಪ್ರೀತಿಗಾಗಿ ಧರ್ಮವನ್ನೇ ಬಚ್ಚಿಡುವ ಪ್ರಚಾರಕರು ಇವರೊಬ್ಬರೇ ಇರಬೇಕು!

ಹೊಸದಾಗಿ ಬಂದ ಎಳೆ ವಯಸ್ಸಿನ ಫಾದರ್ ಕಿವಿಗೂ ಇದು ಬಿತ್ತು. ಅವರು ಗಾಬರಿಯಾದರು. "ಮಾಸ್ತರೇ, ಒಬ್ಬರಿಗೆ ತಿಳಿಯದ ಹಾಗೆ ಮುಚ್ಚಿಡೋದು ನಿಮ್ಮ ತಪ್ಪಾಗುತ್ತದೆ" ಎಂದು ಮೆಲ್ಲಗೆ ಬುದ್ಧಿ ಹೇಳಿದರು.

"ಹೌದ್ರಿ ಫಾದರ್. ತಪ್ಪು ನಂದಾಗ್ಲಿ ಅಂತನ ಮಾಡೇನಿ. ಅವಂದು ಆಗಬಾರದು" ಎಂದರು ಮಾಮಾ.

ಆದರೆ ಬಚ್ಚಿಡುವುದು ಸುಲಭವೇ? ಕ್ರಿಸ್ಮಸ್ಸಿಗೆ ಕಾಕಾ ತಪ್ಪದೆ ಹೋಳಿಗೆ ಊಟಕ್ಕೆ ಬರುತ್ತಾರೆ. ಪಡಸಾಲೆಯಲ್ಲಿ ಗೋದಲಿ ಕಟ್ಟಿರುತ್ತೇವೆ. ಹುಲ್ಲು, ದನಕರು, ನಡುವೆ ಮಲಗಿದ ಬಾಲಯೇಸು, ಒಂಟೆಯ ಮೇಲೆ ಬಂದ ಮೂವರು ರಾಯರು. ಒಂದು ಸಲ ಕಾಕಾ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತರು.

"ಈ ಕೂಸು ಯಾರ್ದೋ ಮಾಸ್ತರ?"

ಮಾಮಾ ಬೆವರಿದರು. "ಅದಾ? ಹಂಗ ಒಂದು ಕೂಸು. ಬಡವರದು."

"ಮತ್ತ ಒಂಟಿ ಮ್ಯಾಲ ಬಂದೋರು?"

"ಬೀಗರು."

ಅಡುಗೆಮನೆಯಲ್ಲಿ ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಅಲ್ಲಾ, ಸಿಂದಗಿ ಬಸ್ ನಿಲ್ದಾಣದಲ್ಲಿ ನಿಂತ ಯಾರನ್ನು ಕೇಳಿದರೂ ಆ ಕೂಸು ಯಾರೆಂದು ಹೇಳುತ್ತಾರೆ! ಕಾಕಾನಿಗೆ ಗೊತ್ತಿಲ್ಲವೇ? ಗೆಳೆಯನ ಬಾಯಿಂದ ಕೇಳುವ ಆಸೆ ಅಷ್ಟೇ. ನನ್ನ ಮದುವೆಯಲ್ಲೂ ಇದೇ ಗತಿ. ಚರ್ಚಿನಲ್ಲಿ ಬಲಿಪೂಜೆ ನಡೆದಿದೆ, ಫಾದರ್ ಮನಮುಟ್ಟುವಂತೆ ಬೋಧನೆ ಮಾಡುತ್ತಿದ್ದಾರೆ, ಕಾಕಾ ಕಿವಿಗೊಟ್ಟು ಕೇಳುತ್ತಿದ್ದಾರೆ. ಬೋಧನೆ ರುಚಿ ಹತ್ತುವಷ್ಟರಲ್ಲಿ ಮಾಮಾ ಅವರ ಕಿವಿಯಲ್ಲಿ, "ಈಗ ಬಸ್ಸಿನ ಟಾಯರ್ ಎಷ್ಟು ದಿನಾ ಬಾಳಿಕಿ ಬರ್ತಾವೋ?" ಎಂದು ಶುರು ಮಾಡಿದರು. ಹಿಂದಿನ ಸಾಲಿನ ಪಿಸಪಿಸ ಕೇಳಿ ಫಾದರ್ ಎರಡು ಸಲ ನಿಲ್ಲಿಸಿ ನೋಡಿದರು. ಮದುಮಗಳಾಗಿ ನಾನೂ ತಿರುಗಿ ಕಣ್ಣು ಬಿಟ್ಟೆ. ಉಪಯೋಗವಾಗಲಿಲ್ಲ.

ನಾವು ನಕ್ಕೆವು ನಿಜ. ಆದರೆ ಕಾಕಾನಿಗೆ ಅದು ನಗುವ ವಿಷಯವಾಗಿರಲಿಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ಒಂದು ದಿನ ಅವರು ಬಿ.ಪಿ. ತೋರಿಸಲು ನಮ್ಮ ಆಸ್ಪತ್ರೆಗೆ ಬಂದಿದ್ದರು. ತೋಳಿಗೆ ಬಿ.ಪಿ. ಪಟ್ಟಿ ಕಟ್ಟುತ್ತಿರುವಾಗ ನನ್ನ ಮುಖ ನೋಡದೆ ಹೇಳಿದರು.

"ತಂಗಿ, ಒಂದು ಮಾತು ಕೇಳ್ತೇನಿ. ನಿಮ್ಮ ಮಾಮಾ ಕಂಡೋರಿಗೆಲ್ಲಾ ನಿಮ್ಮ ದೇವ್ರ ವಿಚಾರ ಹೇಳ್ತಾನ. ನಾ ಕೇಳಿದ್ರ ಮಾತ್ರ ತೊಗರಿ, ಟಾಯರ್ ಅಂತಾನ. ಯಾಕ? ಡ್ರೈವರ್ ಸೂಳೆಮಗಗ ಏನ್ ತಿಳೀತೈತಿ ಅಂತನಾ? ಇಷ್ಟ ವರ್ಷ ಕೂಡಿ ಉಂಡೇವಿ. ಅವನ ಎದ್ಯಾಗಿನ ದೊಡ್ಡ ಖೋಲಿ ಅಂದ್ರ ಅದ. ನನಗ ಅದರ ಬಾಗಲ ತೆರದಿಲ್ಲ."

ಏನು ಹೇಳಲಿ? ಕಾರಣ ಹೇಳಿದರೆ ಮಾಮನ ಉಪಾಯವೇ ಕೆಟ್ಟಿತು, ಹೇಳದಿದ್ದರೆ ಈ ಮುದುಕರ ಮುಖ ನೋಡಲಾಗದು. "ಹಂಗೇನಿಲ್ರಿ ಕಾಕಾ, ಅವರಿಗೆ ನಿಮ್ಮ ಕೂಡ ಬ್ಯಾರೆ ಮಾತು ಭಾಳ ಇರ್ತಾವ" ಎಂದು ಏನೋ ತೊದಲಿದೆ. ಕಾಕಾ ತೋಳು ಕೆಳಗಿಳಿಸಿಕೊಂಡು ಎದ್ದು ಹೋದರು. ಬಿ.ಪಿ. ಎಷ್ಟಿತ್ತೆಂದು ಕೇಳಲೂ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಕಾನಿಗೆ ಎದೆ ಹಿಡಿಯಿತು. ಚಹಾದಂಗಡಿಯ ಬೆಂಚಿನ ಮೇಲೇ. ಮಾಮಾ ಜೀಪು ಮಾಡಿಕೊಂಡು ವಿಜಯಪುರಕ್ಕೆ, ನಮ್ಮ ಆಸ್ಪತ್ರೆಗೇ ತಂದರು. ತಪಾಸಣೆಯಾಯಿತು. ರಕ್ತನಾಳಗಳು ಕಟ್ಟಿಕೊಂಡಿವೆ, ಎದೆ ತೆರೆದು ಆಪರೇಶನ್ ಮಾಡಲೇಬೇಕು, ವಯಸ್ಸಾಗಿದೆ, ಏನೂ ಹೇಳಲಿಕ್ಕಾಗದು ಎಂದರು ಡಾಕ್ಟರು. ಆಪರೇಶನ್ನಿನ ಹಿಂದಿನ ದಿನ ಸಂಜೆ ನಾನು ಸಲೈನ್ ನೋಡಲು ಹೋದಾಗ ಕಾಕಾ ಮಲಗಿದ್ದರು, ಮಾಮಾ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.

"ಲೇ ಮಾಸ್ತರ, ನಾಳಿ ನನ್ನ ಎದಿ ಸೀಳ್ತಾರ. ಎದ್ರ ಎದ್ದೆ, ಇಲ್ಲಂದ್ರ ಇಲ್ಲ. ಇವತ್ತರ ಹೇಳು. ಸತ್ತ ಮ್ಯಾಲ ಏನೈತಿ ಅಂತ ಬರದಾರ ನಿಮ್ಮ ಪುಸ್ತಕದಾಗ?"

ಮಾಮಾ ಮೇಲೆ ನೋಡಿದರು. "ಸಲೈನ್ ಮುಗಿಯಾಕ ಬಂತು ನೋಡು."

"ಹಾಳಾಗ್ಲಿ ಸಲೈನ್! ಹೇಳು."

"ನನಗ ಗೊತ್ತಿಲ್ಲೋ ಸಿದ್ದಪ್ಪಾ."

ಅಷ್ಟೊಂದು ಓದಿದ ಮಾಮನ ಬಾಯಲ್ಲಿ ಆ ಮಾತು! "ಕಾಯಿಪಲ್ಯೆ ಮಾರಾಕಿಗೆ ಗೊತ್ತಿರೂದು ನನಗ ಗೊತ್ತಾಗಬಾರದು. ಆತು ಬಿಡು" ಎಂದು ಕಾಕಾ ಗೋಡೆಯ ಕಡೆ ಹೊರಳಿದರು.

ನನಗೆ ತಡೆಯಲಾಗಲಿಲ್ಲ. ಮಾಮನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. "ಏನ್ರಿ ಮಾಮಾ ನೀವು? ನಿಮ್ಮ ದೇವ್ರು ಅಷ್ಟು ಕೊಂಕು ಹುಡುಕೋ ಮನಿಷ್ಯಾ ಏನ್ರಿ? ನಾಳಿ ಏನರ ಹೆಚ್ಚುಕಮ್ಮಿ ಆದ್ರ ಆ ಜೀವ ನಿಮ್ಮ ಮ್ಯಾಲ ನೊಂದುಕೊಂಡು ಹೋಗ್ತೈತಿ. ಅದು ಬೇಕೇನ್ರಿ ನಿಮಗ?" ಎಂದು ಬಾಯಿಗೆ ಬಂದಂತೆ ಬಯ್ದೆ. ಕಾರಿಡಾರಿನಲ್ಲಿದ್ದ ರೋಗಿಗಳ ಕಡೆಯವರೆಲ್ಲ ತಿರುಗಿ ನೋಡಿದರು. ನೋಡಲಿ!

ಮಾಮಾ ಬೆಂಚಿನ ಮೇಲೆ ಕುಸಿದು ಕೂತರು. "ಹೇಳಿದ್ರ ಅಂವ ಒಲ್ಲೆ ಅಂತಾನವ್ವಾ. ಒಲ್ಲೆ ಅಂದು ನಾಳಿ ಹೋಗಿಬಿಟ್ರ? ಅವನ್ನ ಬಿಟ್ಟು ನಾ ಒಬ್ಬನ ಅಲ್ಲಿ ಕುಂತು ಏನ್ ಮಾಡ್ಲಿ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಮಾಮಾ ತಾವೇ ಎದ್ದರು, ಕನ್ನಡಕ ಒರೆಸಿಕೊಂಡು ಒಳಗೆ ಹೋದರು, ಗೋಡೆಯ ಕಡೆ ಮುಖ ಮಾಡಿದ ಗೆಳೆಯನ ಬೆನ್ನಿಗೇ ಎಲ್ಲ ಹೇಳಿಬಿಟ್ಟರು. ಗೊತ್ತಿಲ್ಲದವನು ಪಾಸಾಗುವ ನಿಯಮ, ತಾವು ಬಾಯಿ ಕಟ್ಟಿಕೊಂಡದ್ದು, ತೊಗರಿ, ಟಾಯರು, ಬೀಗರು, ಎಲ್ಲ.

ಕಾಕಾ ಮೆಲ್ಲಗೆ ಈ ಕಡೆ ಹೊರಳಿದರು. ಮೊದಲು ಬೆಪ್ಪಾಗಿ ನೋಡಿದರು. ಆಮೇಲೆ ಹೊಟ್ಟೆ ಕುಲುಕತೊಡಗಿತು. ನಾನು ಓಡಿಹೋಗಿ, "ಕಾಕಾ, ನಗಬ್ಯಾಡ್ರಿ, ನಗಬ್ಯಾಡ್ರಿ" ಎನ್ನಬೇಕಾಯಿತು.

"ನನ್ನ ಸ್ವರ್ಗಕ್ಕ ಕಳಸಾಕ ಇಷ್ಟ ವರ್ಷ ಬಾಯಿ ಮುಚ್ಚಿಕೊಂಡಿದ್ಯಾ? ನೀನು? ಬಾಯಿ ಮುಚ್ಚಿಕೊಂಡಿದ್ಯಾ?" ಎಂದು ಕೇಳುತ್ತ ಕೇಳುತ್ತ ಕಾಕಾನ ಕಣ್ಣಲ್ಲಿ ನೀರು ಬಂತು. ನಕ್ಕು ಬಂದದ್ದೋ ಏನೋ ನಾನು ಕೇಳಲಿಲ್ಲ. "ಹುಚ್ಚಪ್ಪಾ, ಕೇಳು. ನಾ ಜೀವಮಾನೆಲ್ಲಾ ಬಸ್ ಓಡಿಸೇನಿ. ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡಿಯೋರ್ನ ಕಂಡ್ರ ನನಗ ಆಗಿಬರ್ತಿರ್ಲಿಲ್ಲ. ಆದ್ರೂ ಹೇಳ್ತೇನಿ, ನಮ್ಮಿಬ್ಬರಾಗ ಯಾರ ಮೊದ್ಲ ಹತ್ತತಾರೋ ಅವರು ಇನ್ನೊಬ್ಬಗ ಟವೆಲ್ ಒಗದಿಡೂದು. ಮುಗೀತು."

"ಅಲ್ಲಿ ಹಂಗ ನಡಿಯಂಗಿಲ್ಲೋ" ಎಂದು ಮಾಮಾ ಶಾಸ್ತ್ರ ತೆಗೆಯಲು ಹೋದರು.

"ಯಾಕ ನಡಿಯಂಗಿಲ್ಲ? ಬಾಯಿ ತೆರದಿಯಲ್ಲ, ಈಗ ಹೇಳು. ಮೊದಲಿಂದ ಹೇಳು."

ಮಾಮಾ ಮೊದಲಿನಿಂದ ಹೇಳಿದರು. ಮೊದಲೆಂದರೆ ಮೊದಲು, ದೇವರು ಬೆಳಕು ಮಾಡಿದಲ್ಲಿಂದ! ಕಾಕಾ ಹಸಿದವರಂತೆ ಕೇಳಿದರು. ನಡುನಡುವೆ, "ಹಾವಿನ ಮಾತು ಆಕಿ ಯಾಕ ಕೇಳಬೇಕಿತ್ತೋ?" "ಹನ್ನೆರಡು ಮಂದಿ ಶಿಷ್ಯರು ಇದ್ದೂ ಒಬ್ಬನೂ ಅಡ್ಡ ಬರ್ಲಿಲ್ಲೇನೋ?" ಎಂದು ಜಗಳ. ಭೇಟಿಯ ಹೊತ್ತು ಮುಗಿದರೂ ಮಾಮಾ ಏಳಲಿಲ್ಲ. ವಾರ್ಡಿನ ಸಿಸ್ಟರ್ ಬಂದು ಗದರಿದಾಗ ಯೇಸುವನ್ನು ಇನ್ನೂ ಶಿಲುಬೆಯಿಂದ ಇಳಿಸಿರಲಿಲ್ಲ. "ಪುನರುತ್ಥಾನ ಬೆಳಿಗ್ಗೆ ಹೇಳ್ರಿ" ಎಂದು ನಾನೇ ಎಬ್ಬಿಸಿದೆ.

ಬೆಳಿಗ್ಗೆ ಸ್ಟ್ರೆಚರಿನ ಪಕ್ಕ ಓಡು ನಡಿಗೆಯಲ್ಲಿ ಬರುತ್ತ ಮಾಮಾ ಪುನರುತ್ಥಾನವನ್ನೂ ಹೇಳಿ ಮುಗಿಸಿದರು. ಆಪರೇಶನ್ ಕೋಣೆಯ ಬಾಗಿಲು ಬಂತು. ಕಾಕಾ ಮಾಮನ ಕೈ ಹಿಡಿದರು.

"ಭಾಳ ಛಲೋ ಐತಿ ಮಾಸ್ತರ. ಖರೇನೂ ಇರಬಹುದು. ಆದ್ರ ನಂದು ನನಗಿರ್ಲಿ. ನಾ ನಮ್ಮ ಬಸವಣ್ಣನ್ನ ಬಿಡಂಗಿಲ್ಲ."

ಒಲ್ಲೆ ಎಂದುಬಿಟ್ಟರು! ಮಾಮಾ ಇಷ್ಟು ವರ್ಷ ಯಾವ ಮಾತಿಗೆ ಹೆದರಿದ್ದರೋ ಅದೇ ಮಾತು, ಅದೂ ಯಾವ ಹೊತ್ತಿನಲ್ಲಿ! ಬಾಗಿಲು ಮುಚ್ಚಿತು. ಮಾಮನ ಮುಖ ಸುಣ್ಣದ ಹಾಗೆ ಬಿಳುಚಿತು.

ಮಧ್ಯಾಹ್ನ ದಾಟುವವರೆಗೂ ಅವರು ಆ ಬಾಗಿಲ ಎದುರಿನ ಕಿಟಕಿಯ ಹತ್ತಿರ ನಿಂತೇ ಇದ್ದರು. ಜಪಸರ ಜೇಬಿನಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ. ತುಟಿ ಮಾತ್ರ ಆಡುತ್ತಿತ್ತು, ನಡುವೆ ಒಂದೆರಡು ಸಲ ಕೈಯೂ ಎದ್ದು ಇಳಿಯಿತು. ಅತ್ತೆ ತಂದ ರೊಟ್ಟಿ ಮುಟ್ಟಲಿಲ್ಲ. ಕೊನೆಗೆ ಡಾಕ್ಟರು ಹೊರಬಂದು, "ಪೇಶಂಟ್ ಗಟ್ಟಿ ಇದ್ದಾರ್ರಿ, ಭಯ ಇಲ್ಲ" ಎಂದಾಗ ಮಾಮಾ ಅವರಿಗೊಂದು ನಮಸ್ಕಾರವನ್ನೂ ಮಾಡದೆ ನೆಲಕ್ಕೆ ಕೂತುಬಿಟ್ಟರು.

ಈಗ ಕಾಕಾ ಚೆನ್ನಾಗಿದ್ದಾರೆ. ಭಜಿ ಇಬ್ಬರಿಗೂ ಬಂದ್. ಬೆಂಚಿನ ಮೇಲೆ ದಿನಾ ದೈವಶಾಸ್ತ್ರ ನಡೆಯುತ್ತದೆ, ಕಾಕಾ ದಿನಾ ಎಲ್ಲ ಕೇಳಿ ದಿನಾ ಒಲ್ಲೆ ಎನ್ನುತ್ತಾರೆ, ಚಹಾದಂಗಡಿಯವನು ತಲೆ ಹಿಡಿದುಕೊಂಡು ಕೂರುತ್ತಾನೆ. ಕರೆಂಟ್ ಬಿಲ್ಲಿನವನಿಗೆ ಮಾತ್ರ ಬಿಡುಗಡೆ ಸಿಕ್ಕಿದೆ.

ಹೋದ ತಿಂಗಳು ಸಿಂದಗಿಗೆ ಹೋದಾಗ ಮಾಮಾ ಅಂಗಳದಲ್ಲಿ ಕೂತು ಚಪ್ಪಲಿ ಒರೆಸುತ್ತಿದ್ದರು. ಕಾಲೆಳೆಯೋಣ ಎನಿಸಿತು. "ಮಾಮಾ, ಕಾಕಾ ಈಗ ಎಲ್ಲಾ ಕೇಳ್ಯಾರ, ಕೇಳಿ ಒಲ್ಲೆ ಅಂದಾರ. ನಿಮ್ಮ ಪ್ರಕಾರ ಅವರು ಫೇಲ್ ಆದಂಗಾತಲ್ರಿ? ಮುಂದ ಹೆಂಗ?"

ಮಾಮಾ ನಗಲಿಲ್ಲ. "ಅವತ್ತ ಕಿಟಕಿ ಮುಂದ ನಿಂತಿದ್ನಲ್ಲ, ಅವಾಗ ಹೇಳೇನಿ ದೇವ್ರಿಗೆ" ಎಂದರು.

"ಪ್ರಾರ್ಥನಾ ಮಾಡಿದ್ರೇನ್ರಿ?"

"ಪ್ರಾರ್ಥನಾ ಎಲ್ಲೀದವ್ವಾ, ಜಗಳಾ ಮಾಡಿದೆ. ಸಿದ್ದಪ್ಪಗ ಒಳಗ ಜಾಗಾ ಇಲ್ಲಂದ್ರ ನನಗೂ ಬ್ಯಾಡ. ಅಂವ ಎಲ್ಲಿರ್ತಾನೋ ನಾನೂ ಅಲ್ಲೇ ಇರ್ತೇನಿ ಅಂತ ಹೇಳಿಬಿಟ್ಟೆ."

ನನಗೆ ದಿಗಿಲಾಯಿತು. ದೇವರಿಗಿಂತ ಹೆಚ್ಚಾಗಿ ಯಾರನ್ನೂ ಪ್ರೀತಿಸಬಾರದೆಂದು ಚಿಕ್ಕಂದಿನಲ್ಲಿ ಕಲಿಸಿದವರೇ ಈ ಮಾಮಾ. "ಮಾಮಾ, ಇದು ಪಾಪ ಅಲ್ಲೇನ್ರಿ?"

"ಪಾಪನ. ಸಣ್ಣದಲ್ಲ, ದೊಡ್ಡದು."

"ಮತ್ತ ಫಾದರ್ ಕಡೆ ಹೋಗಿ ಪಾಪನಿವೇದನೆ ಮಾಡ್ರಿ."

"ಹೋಗಿದ್ದೆ. ಎಲ್ಲಾ ಹೇಳಿದೆ. ಪಶ್ಚಾತ್ತಾಪ ಇಲ್ಲಂದ್ರ ಕ್ಷಮಾ ಸಿಗಂಗಿಲ್ಲ, ಪಶ್ಚಾತ್ತಾಪ ಐತೇನ್ರಿ ಮಾಸ್ತರ ಅಂತ ಕೇಳಿದ್ರು."

"ನೀವೇನಂದ್ರಿ?"

ಮಾಮಾ ಒರೆಸುವುದನ್ನು ನಿಲ್ಲಿಸಿದರು. ಹೈಸ್ಕೂಲಿನಲ್ಲಿ ಉತ್ತರ ಬಾರದೆ ನಿಂತ ವಿದ್ಯಾರ್ಥಿಯಂತೆ ನನ್ನ ಮುಖ ನೋಡಿದರು.

"ಇಲ್ಲ ಅಂದೆ. ಬರವಲ್ದವ್ವಾ, ಏನ್ ಮಾಡ್ಲಿ?"